ಸ್ಪ್ಯಾನಿಷ್‌ನಲ್ಲಿ ಜನರ ಗುಣ ಹೇಳುವ ಪದಗಳು: ಫಾರ್ವರ್ಡ್ ಪಟ್ಟಿ ಎಲ್ಲಿ ಎಡವುತ್ತದೆ, ಕನ್ನಡ ಎಲ್ಲಿ ಕೈಹಿಡಿಯುತ್ತದೆ

‘ಒಂದೇ ರಾತ್ರಿಯಲ್ಲಿ ನೂರು ಸ್ಪ್ಯಾನಿಷ್ ಪದ ಕಲಿಯಿರಿ’ ಎನ್ನುವ ಬಗೆಯ ಪಟ್ಟಿಗಳು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಬರುತ್ತಿರುತ್ತವೆ. ಎಡಗಡೆ ಸ್ಪ್ಯಾನಿಷ್ ಪದ, ಬಲಗಡೆ ಇಂಗ್ಲಿಷ್ ಅರ್ಥ, ಪಕ್ಕದಲ್ಲೊಂದು ಇಮೋಜಿ. ಜಾಣ, ಸೋಮಾರಿ, ಜಿಪುಣ, ಹಠಮಾರಿ, ನಾಚಿಕೆ ಸ್ವಭಾವದವನು ಎಂದು ಜನರ ಗುಣ ಹೇಳುವ ಪದಗಳ ಪಟ್ಟಿಯೂ ಅವುಗಳಲ್ಲಿ ಇದ್ದೇ ಇರುತ್ತದೆ. ನೋಡಲು ಚೆನ್ನಾಗಿರುತ್ತದೆ, ಹಂಚಿಕೊಳ್ಳಲು ಸುಲಭ.

ಇಂದಿರಾನಗರದಿಂದ ಕೆ.ಆರ್. ಪುರಂ ಆಚೆಯವರೆಗೆ ಹರಡಿರುವ ಕಂಪನಿಗಳಲ್ಲಿ ಸ್ಪ್ಯಾನಿಷ್ ಗೊತ್ತಿದ್ದರೆ ಕೆಲಸಕ್ಕೆ ಅನುಕೂಲ ಎಂದು ಕಲಿಯುವವರಿದ್ದಾರೆ. ವಿದೇಶದಲ್ಲಿ ಓದಲು ಹೊರಟವರು ಕಲಿಯುತ್ತಾರೆ. ಸುಮ್ಮನೆ ಆಸೆಯಿಂದ ಮೊಬೈಲ್ ಆಪ್ ಹಾಕಿಕೊಂಡವರೂ ಇದ್ದಾರೆ. ಸುಮಾರು 20 ದೇಶಗಳಲ್ಲಿ ನಡೆಯುವ ಭಾಷೆ ಅದು, ಕಲಿತರೆ ಲಾಭವೇ. ಆದರೆ ಈ ಪಟ್ಟಿಗಳನ್ನೇ ನಂಬಿ ಕಲಿತರೆ ಏನಾಗುತ್ತದೆ? ಜನರ ಬಗ್ಗೆ ಆಡುವ ಮಾತು ತಪ್ಪಿದರೆ ಮೇಜು-ಕುರ್ಚಿಯ ಹೆಸರು ತಪ್ಪಿದಂತಲ್ಲ. ಎದುರಿಗಿರುವವರಿಗೆ ನೋವಾಗಬಹುದು. ಒಮ್ಮೊಮ್ಮೆ ಅದಕ್ಕಿಂತ ದೊಡ್ಡ ಅನಾಹುತವೂ ಆಗಬಹುದು, ಆಗಿದೆ ಕೂಡ.

ಈ ವಿಷಯದಲ್ಲಿ ಜನ ನಂಬಿರುವ ಐದು ಮಾತುಗಳನ್ನು ನಾವು ಇಲ್ಲಿ ಒಂದೊಂದಾಗಿ ನೋಡೋಣ. ಕೊನೆಗೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಸ್ಪ್ಯಾನಿಷ್ ಕಲಿಯಲು ಇಂಗ್ಲಿಷ್ ಮೂಲಕವೇ ಹೋಗಬೇಕಾಗಿಲ್ಲ. ಹಲವು ಕಡೆ ಕನ್ನಡದ ದಾರಿಯೇ ಹತ್ತಿರ.

ನಂಬಿಕೆ 1: ಹೆಚ್ಚು ಪದ ಗೊತ್ತಿದ್ದಷ್ಟೂ ಒಳ್ಳೆಯದು

ಮನುಷ್ಯರ ಗುಣ ಹೇಳಲು ಒಂದು ಭಾಷೆಯಲ್ಲಿ ಎಷ್ಟು ಪದಗಳಿರಬಹುದು? 1936ರಲ್ಲಿ ಗಾರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಆಡ್‌ಬರ್ಟ್ ಎಂಬ ಇಬ್ಬರು ಅಮೆರಿಕದ ಮನಶ್ಶಾಸ್ತ್ರಜ್ಞರು ದೊಡ್ಡದೊಂದು ಇಂಗ್ಲಿಷ್ ನಿಘಂಟನ್ನು ಜಾಲಾಡಿ ಲೆಕ್ಕ ಹಾಕಿದರು. ಸಿಕ್ಕಿದ್ದು ಸುಮಾರು 18,000 ಪದಗಳು. ಅವುಗಳಲ್ಲಿ ನಿಜವಾಗಿ ಸ್ಥಿರವಾದ ಸ್ವಭಾವವನ್ನು ಹೇಳುವಂಥವು ಸುಮಾರು 4,500. ಉಳಿದವು ಆ ಹೊತ್ತಿನ ಮನಸ್ಥಿತಿ, ಹೊಗಳಿಕೆ, ತೆಗಳಿಕೆ, ಮೈಕಟ್ಟು ಮುಂತಾದವನ್ನು ಹೇಳುವ ಪದಗಳು.

ಇದರಿಂದ ಕಲಿಯುವವರು ತಿಳಿಯಬೇಕಾದದ್ದು ಎರಡು. ಒಂದು, ಪಟ್ಟಿಗೆ ಕೊನೆಯಿಲ್ಲ, ಅದರ ಬೆನ್ನು ಹತ್ತಿ ಪ್ರಯೋಜನವಿಲ್ಲ. ದಿನಬಳಕೆಗೆ ಮೂವತ್ತು ನಲವತ್ತು ಪದ ಸರಿಯಾಗಿ ಗೊತ್ತಿದ್ದರೆ ಮಾತು ನಡೆಯುತ್ತದೆ. ಎರಡು, ‘ಅವನು ಅಂಥವನು’ ಎನ್ನುವುದೂ ‘ಅವನು ಈಗ ಹಾಗಿದ್ದಾನೆ’ ಎನ್ನುವುದೂ ಬೇರೆ ಬೇರೆ. ಈ ಎರಡನೇ ಮಾತು ಸ್ಪ್ಯಾನಿಷ್‌ನಲ್ಲಿ ಬಹಳ ಮುಖ್ಯ. ಅದಕ್ಕೆ ಮುಂದೆ ಬರುತ್ತೇವೆ.

ನಂಬಿಕೆ 2: ಇಂಗ್ಲಿಷ್ ಪದದಂತೆ ಕಂಡರೆ ಅರ್ಥವೂ ಅದೇ

ಫಾರ್ವರ್ಡ್ ಪಟ್ಟಿಗಳು ಹೆಚ್ಚು ದಾರಿ ತಪ್ಪಿಸುವುದು ಇಲ್ಲೇ. ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ಲ್ಯಾಟಿನ್ ಮೂಲದ ಪದಗಳು ತುಂಬಿವೆ. ಹಾಗಾಗಿ ಸಾವಿರಾರು ಪದಗಳು ಒಂದೇ ರೀತಿ ಕಾಣುತ್ತವೆ. ಬಹಳಷ್ಟರ ಅರ್ಥವೂ ಒಂದೇ. ಆದರೆ ಜನರ ಗುಣ ಹೇಳುವ ಕೆಲವು ಪದಗಳು ರೂಪ ಉಳಿಸಿಕೊಂಡು ಅರ್ಥ ಬದಲಿಸಿಕೊಂಡಿವೆ:

• ಸಿಂಪಾತಿಕೊ: ‘ಸಿಂಪಥೆಟಿಕ್’ ಅಲ್ಲ. ಮಾತಾಡಿಸಿದರೆ ಖುಷಿಯಾಗುವ, ಎಲ್ಲರಿಗೂ ಇಷ್ಟವಾಗುವ ವ್ಯಕ್ತಿ.
• ಸೆನ್ಸಿಬ್ಲೆ: ‘ಸೆನ್ಸಿಬಲ್’ ಅಲ್ಲ. ಸೂಕ್ಷ್ಮ ಮನಸ್ಸಿನವರು, ಬೇಗ ನೊಂದುಕೊಳ್ಳುವವರು. ವಿವೇಕಿ ಎನ್ನಲು ಸೆನ್ಸಾತೊ ಎನ್ನಬೇಕು.
• ಎದುಕಾದೊ: ಡಿಗ್ರಿ ಪಡೆದವನು ಎಂದಲ್ಲ. ವಿನಯದಿಂದ ನಡೆದುಕೊಳ್ಳುವವನು. ಶಾಲೆಯ ಮುಖ ನೋಡದ ಅಜ್ಜನನ್ನೂ ಎದುಕಾದೊ ಎನ್ನಬಹುದು. ಮೂರು ಡಿಗ್ರಿ ಇದ್ದೂ ಒರಟಾಗಿ ಮಾತಾಡುವವನು ಮಾಲೆದುಕಾದೊ.
• ಗ್ರಾಸಿಯೋಸೊ: ‘ಗ್ರೇಷಿಯಸ್’ ಅಲ್ಲ. ನಗಿಸುವವನು, ತಮಾಷೆಯ ಮನುಷ್ಯ.
• ಫೋರ್ಮಲ್: ಬಿಗಿಯಾಗಿ ಕೋಟು ಹಾಕಿಕೊಂಡವನು ಎಂದಷ್ಟೇ ಅಲ್ಲ. ವ್ಯಕ್ತಿಯ ಬಗ್ಗೆ ಹೇಳಿದರೆ ಮಾತಿಗೆ ತಪ್ಪದ, ನಂಬಿಕಸ್ಥ ಎಂದರ್ಥ.
• ಎಂಬರಸಾದ: ನಾಚಿಕೆಗೊಂಡವಳು ಅಲ್ಲ. ಗರ್ಭಿಣಿ!

ಕೊನೆಯದನ್ನು ಓದಿ ನಗು ಬರಬಹುದು. ಆದರೆ 1980ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಇಂಥದೇ ಒಂದು ಪದದಿಂದ ಒಂದು ಬದುಕೇ ಹಾಳಾಯಿತು. ಕ್ಯೂಬಾ ಮೂಲದ ಕುಟುಂಬದ 18 ವರ್ಷದ ಯುವಕನೊಬ್ಬ ಇದ್ದಕ್ಕಿದ್ದಂತೆ ತೀವ್ರ ತಲೆನೋವು ಬಂದು ಪ್ರಜ್ಞೆ ತಪ್ಪಿದ. ತಿಂದದ್ದು ಮೈಗೆ ಒಗ್ಗದೆ ಹೀಗಾಗಿದೆ ಎಂದುಕೊಂಡ ಮನೆಯವರು ಆಸ್ಪತ್ರೆಯಲ್ಲಿ ಬಳಸಿದ ಪದ ‘ಇಂತೊಕ್ಸಿಕಾದೊ’. ಅವರ ಮಾತಿನಲ್ಲಿ ಅದರ ಅರ್ಥ, ಹೊಟ್ಟೆಗೆ ಹೋದದ್ದೇನೋ ವಿಷವಾಗಿದೆ ಎಂದು. ಅದು ವೈದ್ಯರಿಗೆ ಇಂಗ್ಲಿಷ್‌ನ ‘ಇಂಟಾಕ್ಸಿಕೇಟೆಡ್’ ಎಂದು ಮುಟ್ಟಿತು. ಮಾದಕವಸ್ತು ಹೆಚ್ಚಾಗಿದೆ ಎಂದು ಚಿಕಿತ್ಸೆ ಶುರುವಾಯಿತು. ನಿಜವಾಗಿ ಆಗಿದ್ದು ಮಿದುಳಿನಲ್ಲಿ ರಕ್ತಸ್ರಾವ. ಅದು ಗೊತ್ತಾಗುವಷ್ಟರಲ್ಲಿ ತಡವಾಗಿತ್ತು. ಯುವಕ ನಾಲ್ಕೂ ಕೈಕಾಲುಗಳ ಸ್ವಾಧೀನ ಕಳೆದುಕೊಂಡ. ಪರಿಹಾರದ ಮೊತ್ತ ಅವನ ಜೀವಮಾನದ ಲೆಕ್ಕದಲ್ಲಿ ಸುಮಾರು 7.1 ಕೋಟಿ ಡಾಲರ್ ಆಗಬಹುದೆಂದು ಅಂದಾಜಿಸಲಾಯಿತು. ವೈದ್ಯಕೀಯ ಅನುವಾದಕರ ತರಬೇತಿಯಲ್ಲಿ ಈ ಪ್ರಕರಣವನ್ನು ಇಂದಿಗೂ ಉದಾಹರಣೆಯಾಗಿ ಹೇಳುತ್ತಾರೆ.

ಇದು ಇಂಗ್ಲಿಷ್‌ಗೆ ಮಾತ್ರ ಅಂಟಿದ ಸಮಸ್ಯೆಯೂ ಅಲ್ಲ. ಶಿವಾಜಿನಗರದ ದಖ್ಖನಿ-ಉರ್ದು ಮಾತಿನಲ್ಲಿ ‘ಮಿಸ್ಕೀನ್’ ಎಂದರೆ ಬಡಪಾಯಿ, ಪಾಪದವನು. ಮೂಲ ಅರಬ್ಬಿ. 711ರಿಂದ 1492ರವರೆಗೆ ಸ್ಪೇನಿನ ಒಂದಲ್ಲ ಒಂದು ಭಾಗದಲ್ಲಿ ಮುಸ್ಲಿಂ ಅರಸರ ಆಳ್ವಿಕೆ ಇತ್ತು. ಆ ಕಾಲದಲ್ಲಿ ಇದೇ ಅರಬ್ಬಿ ಪದ ಸ್ಪ್ಯಾನಿಷ್‌ಗೂ ಹೋಗಿ ‘ಮೆಸ್ಕೀನೊ’ ಆಯಿತು. ಆದರೆ ಇಂದು ಅಲ್ಲಿ ಅದರ ಅರ್ಥ ಜಿಪುಣ, ಸಣ್ಣ ಮನಸ್ಸಿನವನು. ಒಂದೇ ತಾಯಿಯ ಎರಡು ಪದ. ಶಿವಾಜಿನಗರದಲ್ಲಿ ಕೇಳಿದರೆ ಕರುಣೆ ಹುಟ್ಟುತ್ತದೆ, ಮ್ಯಾಡ್ರಿಡ್‌ನಲ್ಲಿ ಕೇಳಿದರೆ ಅದು ಬೈಗುಳ. ರೂಪ ಒಂದೇ ಎಂದ ಮಾತ್ರಕ್ಕೆ ಅರ್ಥ ಒಂದೇ ಅಲ್ಲ. ಪದವನ್ನು ವಾಕ್ಯದೊಳಗೆ ಇಟ್ಟು ಕಲಿಯಬೇಕು ಎನ್ನುವುದು ಇದಕ್ಕೇ.

ನಂಬಿಕೆ 3: ‘ಇಸ್’ ಎನ್ನುವುದಕ್ಕೆ ಸ್ಪ್ಯಾನಿಷ್‌ನಲ್ಲಿ ಎರಡು ಪದ, ಒಂದು ಶಾಶ್ವತಕ್ಕೆ, ಇನ್ನೊಂದು ತಾತ್ಕಾಲಿಕಕ್ಕೆ

ಸ್ಪ್ಯಾನಿಷ್ ಕಲಿಯುವವರು ಹೆಚ್ಚು ತಲೆ ಕೆಡಿಸಿಕೊಳ್ಳುವುದು ಸೆರ್ ಮತ್ತು ಎಸ್ತಾರ್ ಎಂಬ ಎರಡು ಕ್ರಿಯಾಪದಗಳ ಬಗ್ಗೆ. ಇಂಗ್ಲಿಷ್‌ನಲ್ಲಿ ಎರಡಕ್ಕೂ ‘ಇಸ್’ ಒಂದೇ. ಇವನ್ನು ಅದಲು ಬದಲು ಮಾಡಿದರೆ ಅದೇ ಗುಣಪದ ಬೇರೆಯದನ್ನೇ ಹೇಳುತ್ತದೆ:

• ಎಸ್ ಲಿಸ್ತೊ: ಅವನು ಜಾಣ. ಎಸ್ತಾ ಲಿಸ್ತೊ: ಅವನು ರೆಡಿಯಾಗಿದ್ದಾನೆ.
• ಎಸ್ ಅಬುರ್ರಿದೊ: ಅವನು ಬೋರು ಹೊಡೆಸುವವನು. ಎಸ್ತಾ ಅಬುರ್ರಿದೊ: ಅವನು ಬೇಸತ್ತಿದ್ದಾನೆ.
• ಎಸ್ ಕಾಯಾದೊ: ಅವನು ಮಿತಭಾಷಿ. ಎಸ್ತಾ ಕಾಯಾದೊ: ಅವನು ಸುಮ್ಮನಿದ್ದಾನೆ.

ಮೇಲಿನ ಕನ್ನಡ ವಾಕ್ಯಗಳನ್ನು ಇನ್ನೊಮ್ಮೆ ಓದಿ. ಎಡಗಡೆಯ ಯಾವುದರಲ್ಲೂ ‘ಇದ್ದಾನೆ’ ಇಲ್ಲ. ಬಲಗಡೆಯ ಎಲ್ಲದರಲ್ಲೂ ಇದೆ. ‘ಅವನು ಒಳ್ಳೆಯವನು’ ಎಂದು ಗುಣ ಹೇಳುವಾಗ ಕನ್ನಡಕ್ಕೆ ಕ್ರಿಯಾಪದವೇ ಬೇಡ. ‘ಅವನು ಚೆನ್ನಾಗಿದ್ದಾನೆ’ ಎಂದು ಸ್ಥಿತಿ ಹೇಳುವಾಗ ‘ಇರು’ ಬರುತ್ತದೆ. ಸ್ಪ್ಯಾನಿಷ್ ಮಾಡುವ ವ್ಯತ್ಯಾಸವನ್ನೇ ನಾವು ಹುಟ್ಟಿನಿಂದ ಮಾಡುತ್ತ ಬಂದಿದ್ದೇವೆ. ಇಂಗ್ಲಿಷ್ ಮೂಲಕ ಕಲಿಯುವಾಗ ಮಾತ್ರ ಅದು ಕಷ್ಟ ಎನಿಸುತ್ತದೆ.

‘ಶಾಶ್ವತ – ತಾತ್ಕಾಲಿಕ’ ಎಂಬ ಸೂತ್ರ ಎಲ್ಲ ಕಡೆ ಕೂರುವುದೂ ಇಲ್ಲ. ಸಾವಿಗಿಂತ ಶಾಶ್ವತವಾದದ್ದು ಯಾವುದಿದೆ? ಆದರೂ ಸ್ಪ್ಯಾನಿಷ್‌ನಲ್ಲಿ ‘ಎಸ್ತಾ ಮುಯೆರ್ತೊ’ ಎಂದು ಎಸ್ತಾರ್ ಬಳಸುತ್ತಾರೆ. ಕನ್ನಡದಲ್ಲೂ ‘ಸತ್ತಿದ್ದಾನೆ’ ಎಂದು ‘ಇರು’ ಬರುತ್ತದೆ. ಎಳೆಯ ವಯಸ್ಸು ಶಾಶ್ವತವಲ್ಲ, ಆದರೂ ‘ಎಸ್ ಹೋವೆನ್’ ಎಂದು ಸೆರ್ ಬಳಸುತ್ತಾರೆ. ನಾವೂ ‘ಅವನು ಚಿಕ್ಕವನು’ ಎಂದೇ ಹೇಳುತ್ತೇವೆ.

ಹಾಗೆಂದು ಎರಡೂ ಭಾಷೆ ಪೂರ್ತಿ ಒಂದೇ ಎಂದು ಫಾರ್ವರ್ಡ್ ಮಾಡಬೇಡಿ. ಮೈಕಟ್ಟಿನ ಮಾತು ಬಂದಾಗ ದಾರಿ ಬೇರೆಯಾಗುತ್ತದೆ. ನಾವು ‘ಅವನು ಎತ್ತರವಾಗಿದ್ದಾನೆ’ ಎನ್ನುತ್ತೇವೆ, ಅವರು ಸೆರ್ ಬಳಸಿ ‘ಎಸ್ ಆಲ್ತೊ’ ಎನ್ನುತ್ತಾರೆ. ಆದರೆ ಸ್ವಭಾವದ ಪದಗಳ ಮಟ್ಟಿಗೆ ಶುರು ಮಾಡಲು ಕನ್ನಡದ ಕಿವಿ ಒಳ್ಳೆಯ ಆಸರೆ.

ಈ ವ್ಯತ್ಯಾಸಕ್ಕೆ ವ್ಯಾಕರಣದ ಆಚೆಗೂ ಬೆಲೆಯಿದೆ. ಒಂದು ದಿನ ಸುಮ್ಮನಿದ್ದ ಸಹೋದ್ಯೋಗಿಯನ್ನು ‘ಮೂಗ’ ಎನ್ನುವುದು, ಒಂದು ಲೆಕ್ಕ ತಪ್ಪಿದ ಮಗುವನ್ನು ‘ದಡ್ಡ’ ಎನ್ನುವುದು ನಮ್ಮಲ್ಲೂ ಇದೆ. ಅವತ್ತಿನ ಸ್ಥಿತಿಯನ್ನು ಆ ವ್ಯಕ್ತಿಯ ಗುಣವಾಗಿಸಿಬಿಡುತ್ತೇವೆ. ಸ್ಪ್ಯಾನಿಷ್‌ನಲ್ಲಿ ಬಾಯಿ ತೆರೆಯುವ ಮೊದಲೇ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕು.

ಗಂಡು, ಹೆಣ್ಣು, ನೀನು, ನೀವು

ಗುಣಪದಕ್ಕೂ ಲಿಂಗ ಹಚ್ಚಬೇಕಲ್ಲ ಎಂದು ಇಂಗ್ಲಿಷ್ ಮಾತ್ರ ಬಲ್ಲವರು ತಡವರಿಸುತ್ತಾರೆ. ಮೆಂತಿರೋಸೊ, ಮೆಂತಿರೋಸ. ಕನ್ನಡದವರಿಗೆ ಇದರಲ್ಲಿ ಹೊಸದೇನೂ ಇಲ್ಲ: ಸುಳ್ಳ, ಸುಳ್ಳಿ. ಜಾಣ, ಜಾಣೆ ಇದ್ದ ಹಾಗೆಯೇ. ಸೋಮಾರಿ, ಹಠಮಾರಿ ಎಂಬ ಪದಗಳು ನಮ್ಮಲ್ಲಿ ಗಂಡಿಗೂ ಹೆಣ್ಣಿಗೂ ಒಂದೇ. ಹಾಗೆಯೇ ಸ್ಪ್ಯಾನಿಷ್‌ನಲ್ಲಿ ಇಂತೆಲಿಹೆಂತೆ (ಬುದ್ಧಿವಂತ), ಎಗೋಯೀಸ್ತ (ಸ್ವಾರ್ಥಿ) ಎಂಬವು ಇಬ್ಬರಿಗೂ ಸಲ್ಲುತ್ತವೆ. ಕೊನೆಗೆ ‘ಅ’ ಬಂದ ಮಾತ್ರಕ್ಕೆ ಹೆಣ್ಣೇ ಆಗಬೇಕಿಲ್ಲ.

ಮರ್ಯಾದೆಯ ವಿಷಯದಲ್ಲೂ ಹಾಗೆ. ಇಂಗ್ಲಿಷ್‌ನಲ್ಲಿ ಎಲ್ಲರಿಗೂ ‘ಯೂ’. ಸ್ಪ್ಯಾನಿಷ್‌ನಲ್ಲಿ ಗೆಳೆಯರಿಗೆ ‘ತೂ’, ಹಿರಿಯರಿಗೆ ಅಥವಾ ಗುರುತಿಲ್ಲದವರಿಗೆ ‘ಉಸ್ತೆದ್’. ನಮ್ಮ ನೀನು, ನೀವು ಇದ್ದಂತೆ. ಒಂದೇ ಎಚ್ಚರಿಕೆ: ನಾವು ಒಬ್ಬ ಹಿರಿಯರಿಗೂ ‘ಒಳ್ಳೆಯವರು’ ಎಂದು ಬಹುವಚನ ಬಳಸುತ್ತೇವೆ. ಅವರು ‘ಉಸ್ತೆದ್ ಎಸ್ ಮುಯ್ ಅಮಾಬ್ಲೆ’ (ನೀವು ತುಂಬಾ ದಯೆಯುಳ್ಳವರು) ಎನ್ನುವಾಗ ಗುಣಪದವನ್ನು ಏಕವಚನದಲ್ಲೇ ಇಡುತ್ತಾರೆ.

ನಂಬಿಕೆ 4: ಇಂಗ್ಲಿಷ್ ಅಕ್ಷರ ಓದಿದಂತೆ ಓದಿದರೆ ಉಚ್ಚಾರ ಸರಿ

ನಾಚಿಕೆ ಸ್ವಭಾವದವನಿಗೆ ಸ್ಪ್ಯಾನಿಷ್‌ನಲ್ಲಿ ಹೇಳುವ ಪದವನ್ನು ಇಂಗ್ಲಿಷ್ ಪಟ್ಟಿ ನೋಡಿ ‘ಟಿಮಿಡೊ’ ಎಂದು ಓದುತ್ತೇವೆ. ಸರಿಯಾದದ್ದು ‘ತೀಮಿದೊ’. ಸ್ಪ್ಯಾನಿಷ್‌ನ ತ, ದ ನಮ್ಮವೇ. ನಾಲಿಗೆ ಹಲ್ಲಿಗೆ ತಾಗಬೇಕು. ಹೃಸ್ವ ಎ ಮತ್ತು ಒ ಕೂಡ ನಮ್ಮ ಬಾಯಲ್ಲಿ ಮೊದಲಿಂದ ಇವೆ. ‘ತಕಾನ್ಯೊ’ (ಜಿಪುಣ) ಎಂಬಲ್ಲಿ ಬರುವ ವಿಶೇಷ ಅಕ್ಷರ ನಮ್ಮ ‘ಞ’ಗೆ ಬಹಳ ಹತ್ತಿರ. ‘ವ’ದ ಹಾಗೆ ಕಾಣುವ ಅಕ್ಷರವನ್ನು ‘ಬ’ ಎಂದೇ ಓದುತ್ತಾರೆ. ಹಾಗಾಗಿ ಸೋಮಾರಿ ಎನ್ನುವ ಪದ ‘ವೇಗೊ’ ಅಲ್ಲ, ‘ಬಾಗೊ’. ಹೊಸ ಪದವನ್ನು ಒಮ್ಮೆ ಕೇಳಿಸಿಕೊಂಡು ಕನ್ನಡ ಲಿಪಿಯಲ್ಲಿ ಬರೆದಿಟ್ಟುಕೊಂಡರೆ ಉಚ್ಚಾರದ ಅರ್ಧ ಕೆಲಸ ಮುಗಿದಂತೆ.

ನಂಬಿಕೆ 5: ಒಂದೇ ರಾತ್ರಿಯಲ್ಲಿ ನೂರು ಪದ

1885ರಲ್ಲಿ ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು ಮರೆವಿನ ಲೆಕ್ಕ ಬರೆದ. ಕಲಿತದ್ದರಲ್ಲಿ ದೊಡ್ಡ ಪಾಲು ಮೊದಲ ಕೆಲವು ಗಂಟೆಗಳಲ್ಲೇ ಹಾರಿಹೋಗುತ್ತದೆ. ಆಮೇಲೆ ಮರೆವು ನಿಧಾನವಾಗುತ್ತದೆ. ಬಿಟ್ಟು ಬಿಟ್ಟು ಮತ್ತೆ ನೆನಪಿಸಿಕೊಂಡರೆ ಪಾಠ ಉಳಿಯುತ್ತದೆ. ಒಂದೇ ರಾತ್ರಿ ನೂರು ಪದ ಓದಬಹುದು, ಬೆಳಗ್ಗೆಗೆ ಎಷ್ಟು ಉಳಿದಿರುತ್ತವೆ ಎನ್ನುವುದೇ ಪ್ರಶ್ನೆ.

ಸುಲಭವಾದ ಒಂದು ಉಪಾಯವಿದೆ. 1975ರಲ್ಲಿ ಅಮೆರಿಕದ ಸಂಶೋಧಕರಾದ ಮೈಕೆಲ್ ರಾ ಮತ್ತು ರಿಚರ್ಡ್ ಅಟ್ಕಿನ್ಸನ್ ಅದನ್ನು ಸ್ಪ್ಯಾನಿಷ್ ಪದಗಳ ಮೇಲೆಯೇ ಪರೀಕ್ಷಿಸಿದರು. ಹೊಸ ಪದದಂತೆ ಕೇಳಿಸುವ ನಿಮ್ಮ ಭಾಷೆಯ ಪದವೊಂದನ್ನು ಹಿಡಿದು, ಅದನ್ನು ಅರ್ಥದ ಜೊತೆ ಒಂದು ಚಿತ್ರವಾಗಿ ಮನಸ್ಸಿನಲ್ಲಿ ಕಟ್ಟಿಕೊಳ್ಳುವುದು. ಒಂದು ಪ್ರಯೋಗದಲ್ಲಿ ಹೀಗೆ ಕಲಿತವರು ಶೇ. 88ರಷ್ಟು ಪದಗಳ ಅರ್ಥ ಹೇಳಿದರು. ತಮ್ಮ ಪಾಡಿಗೆ ಕಲಿತವರು ಶೇ. 28ರಷ್ಟು. ಎಲ್ಲ ಪ್ರಯೋಗಗಳಲ್ಲೂ ಅಂತರ ಇಷ್ಟು ದೊಡ್ಡದಿರುವುದಿಲ್ಲ, ಆದರೆ ಉಪಾಯ ಕೆಲಸ ಮಾಡುತ್ತದೆ. ಕನ್ನಡದಲ್ಲಿ ನಾವು ಕಟ್ಟಿದ ಕೆಲವು ಚಿತ್ರಗಳು ಇಲ್ಲಿವೆ:

• ತೆರ್ಕೊ (ಹಠಮಾರಿ): ನೂರು ಜನ ಎಳೆದರೂ ಜಗ್ಗದೆ ಹಲಸೂರಿನ ಬೀದಿಯಲ್ಲಿ ನಿಂತ ತೇರು.
• ತಕಾನ್ಯೊ (ಜಿಪುಣ): ಜೇಬಿನಿಂದ ಒಂದು ರೂಪಾಯಿ ತೆಗೆದು ‘ತಕೋ’ ಎಂದು ಎಂದೂ ಹೇಳದವನು.
• ಬಾಗೊ (ಸೋಮಾರಿ): ಕೆಲಸ ಬಿಟ್ಟು ಬಾಗಿಲಿಗೆ ಒರಗಿ ನಿಂತವನು.
• ಅಮಾಬ್ಲೆ (ದಯೆಯುಳ್ಳವರು): ಅಮ್ಮನಂಥ ಮನಸ್ಸು.
• ಮೆಂತಿರೋಸೊ (ಸುಳ್ಳ): ಮೆಂತ್ಯ ಕೊಟ್ಟು ಸಕ್ಕರೆ ಎನ್ನುವವನು.

ನೇರಳೆ ಮಾರ್ಗದ ಮೆಟ್ರೊದಲ್ಲಿ ಹಲಸೂರಿನಿಂದ ಕೃಷ್ಣರಾಜಪುರಕ್ಕೆ ಹೋಗುವವರಿಗೆ ಈ ಐದು ಪದ ಸಾಕು. ನಡುವೆ ಇಂದಿರಾನಗರ, ಸ್ವಾಮಿ ವಿವೇಕಾನಂದ ರಸ್ತೆ, ಬೈಯಪ್ಪನಹಳ್ಳಿ, ಬೆನ್ನಿಗಾನಹಳ್ಳಿ ಬರುತ್ತವೆ. ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಒಂದು ಪದ. ಸಂಜೆ ವಾಪಸ್ ಬರುವಾಗ ಫೋನ್ ನೋಡದೆ ಐದನ್ನೂ ನೆನಪಿಸಿಕೊಳ್ಳಿ. ಮತ್ತೆ ಮರುದಿನ, ಮೂರು ದಿನ ಬಿಟ್ಟು, ವಾರ ಬಿಟ್ಟು. ಪದೇ ಪದೇ ಓದುವುದಕ್ಕಿಂತ ಪುಸ್ತಕ ಮುಚ್ಚಿ ನೆನಪಿಸಿಕೊಳ್ಳುವುದು ಹೆಚ್ಚು ದಿನ ನಿಲ್ಲುತ್ತದೆ ಎಂದು 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ನಡೆಸಿದ ಪ್ರಯೋಗವೂ ತೋರಿಸಿದೆ.

ಇಲ್ಲೊಂದು ಕಿವಿಮಾತು. ಮೇಲಿನವು ನೆನಪಿನ ಕೊಕ್ಕೆಗಳು ಮಾತ್ರ. ‘ತೆರ್ಕೊ ಹುಟ್ಟಿದ್ದು ನಮ್ಮ ತೇರಿನಿಂದ’ ಎಂದು ಯಾರಾದರೂ ಕಳಿಸಿದರೆ ನಂಬಬೇಡಿ. ಎರಡಕ್ಕೂ ಸಂಬಂಧವಿಲ್ಲ. ನಿಜವಾದ ನಂಟಿರುವ ಪದಗಳು ಬೇರೆ ಇವೆ. ನಮ್ಮ ‘ಮೇಜು’, ‘ಪಾದ್ರಿ’ ಪೋರ್ಚುಗೀಸರ ಮೂಲಕ ಬಂದವು. ಪೋರ್ಚುಗೀಸ್ ಮತ್ತು ಸ್ಪ್ಯಾನಿಷ್ ಒಂದೇ ಬಳ್ಳಿಯ ಕುಡಿಗಳಾದ್ದರಿಂದ ಸ್ಪ್ಯಾನಿಷ್‌ನಲ್ಲಿ ಮೇಜಿಗೆ ‘ಮೇಸ’, ಪಾದ್ರಿಗೆ ‘ಪಾದ್ರೆ’.

ಹೊಸ ಭಾಷೆ ಕಲಿತರೆ ವ್ಯಕ್ತಿತ್ವವೇ ಬದಲಾಗುತ್ತದೆಯೇ?

ಇದೂ ಆಗಾಗ ಕಾಣಿಸಿಕೊಳ್ಳುವ ಸಂದೇಶ. ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಮೆರಿಕ ಮತ್ತು ಮೆಕ್ಸಿಕೊದಲ್ಲಿ ಸ್ಪ್ಯಾನಿಷ್, ಇಂಗ್ಲಿಷ್ ಎರಡನ್ನೂ ಬಲ್ಲವರಿಗೆ ಒಂದೇ ವ್ಯಕ್ತಿತ್ವ ಪ್ರಶ್ನಾವಳಿಯನ್ನು ಎರಡೂ ಭಾಷೆಯಲ್ಲಿ ಕೊಟ್ಟರು. ಇಂಗ್ಲಿಷ್‌ನಲ್ಲಿ ಉತ್ತರಿಸುವಾಗ ಅವರು ತಮ್ಮನ್ನು ಸ್ವಲ್ಪ ಹೆಚ್ಚು ಬೆರೆಯುವವರು, ಹೊಂದಿಕೊಳ್ಳುವವರು, ಶಿಸ್ತಿನವರು ಎಂದು ತೋರಿಸಿಕೊಂಡರು. ಅವರೆಲ್ಲ ಎರಡೂ ಸಂಸ್ಕೃತಿಗಳ ನಡುವೆ ಬದುಕಿದವರು. ಭಾಷೆ ಬದಲಾದಾಗ ಅದರ ಜೊತೆ ಬೆಳೆದ ನಡವಳಿಕೆಯೂ ಮುಂದೆ ಬಂತು. ಮೂವತ್ತು ಪದ ಕಲಿತ ಮಾತ್ರಕ್ಕೆ ನಾಚಿಕೆಯವರು ಮಾತುಗಾರರಾಗುವುದಿಲ್ಲ.

ಇದನ್ನು ಅರಿಯಲು ಮೆಕ್ಸಿಕೊಗೆ ಹೋಗಬೇಕಿಲ್ಲ. 1809ರಲ್ಲಿ ದಂಡು ಬಂದು ನೆಲೆಸಿದಂದಿನಿಂದ ಈ ಭಾಗದಲ್ಲಿ ತಮಿಳು, ತೆಲುಗು, ಉರ್ದು, ಇಂಗ್ಲಿಷ್, ಕನ್ನಡ ಒಂದೇ ಬೀದಿಯಲ್ಲಿ ಓಡಾಡಿಕೊಂಡಿವೆ. ನಮ್ಮ ‘ಜಿಪುಣ’ ಪಕ್ಕದ ಅಂಗಡಿಯಲ್ಲಿ ‘ಕಂಜೂಸ್’, ಎದುರು ಮನೆಯಲ್ಲಿ ‘ಕಂಜನ್’, ಮೇಲಿನ ಮಹಡಿಯಲ್ಲಿ ‘ಪಿಸಿನಾರಿ’. ನಾಲ್ಕನ್ನೂ ಬಲ್ಲವರು ಇಲ್ಲಿ ಬೇಕಾದಷ್ಟು ಜನ. ಯಾವುದನ್ನು ಯಾರ ಎದುರು, ಯಾವ ದನಿಯಲ್ಲಿ ಹೇಳಬೇಕು ಎಂಬುದು ಅವರಿಗೆ ಪಟ್ಟಿಯಿಂದ ಬಂದದ್ದಲ್ಲ, ಬಳಕೆಯಿಂದ ಬಂದದ್ದು. ‘ತಕಾನ್ಯೊ’ ಆ ಸಾಲಿಗೆ ಐದನೆಯ ಪದ ಅಷ್ಟೇ.

ಫಾರ್ವರ್ಡ್ ಮಾಡುವ ಮುನ್ನ

ಮುಂದಿನ ಸಲ ಇಂಥ ಪಟ್ಟಿ ಬಂದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಪದ ಒಂಟಿಯಾಗಿದೆಯೋ, ವಾಕ್ಯದಲ್ಲಿದೆಯೋ? ಸೆರ್ ಜೊತೆ ಬರುತ್ತದೋ, ಎಸ್ತಾರ್ ಜೊತೆ ಬರುತ್ತದೋ ಎಂದು ಹೇಳಿದೆಯೇ? ಇಂಗ್ಲಿಷ್ ಪದದಂತೆ ಕಂಡದ್ದಕ್ಕೆ ನಿಜವಾದ ಅರ್ಥ ಕೊಟ್ಟಿದೆಯೇ? ಮೂರಕ್ಕೂ ಉತ್ತರ ಇಲ್ಲದಿದ್ದರೆ ಆ ಪಟ್ಟಿಯನ್ನು ಅಲ್ಲೇ ಬಿಡಿ. ಆಸ್ಪತ್ರೆ, ಪೊಲೀಸ್ ಠಾಣೆ, ಕೋರ್ಟಿನಂಥ ಕಡೆ ಅರೆಬರೆ ಭಾಷೆಯಲ್ಲಿ ಧೈರ್ಯ ಮಾಡುವುದಕ್ಕಿಂತ ತರಬೇತಿ ಪಡೆದ ಅನುವಾದಕರನ್ನು ಕೇಳಿ ಪಡೆಯುವುದು ಒಳ್ಳೆಯದು. ಉಳಿದಂತೆ, ದಿನಕ್ಕೆ ಐದೇ ಪದ ಕಲಿಯಿರಿ. ಪ್ರತಿ ಪದದ ಎದುರು ನಿಮಗೆ ಗೊತ್ತಿರುವ ಒಬ್ಬರ ಮುಖವನ್ನು ನೆನೆದು, ಮೊದಲು ಕನ್ನಡದಲ್ಲಿ ಕೇಳಿಕೊಳ್ಳಿ: ಅವರು ಅಂಥವರೋ, ಅಥವಾ ಇವತ್ತು ಮಾತ್ರ ಹಾಗಿದ್ದಾರೋ?